ಕಣ್ಣಿನ ಮಗು, ಕಿವಿಯ ಮಗು, ಕೈಯ ಮಗು

ಈ ಸಲದ ಪತ್ರಗಳೆಲ್ಲ ಕೃಷ್ಣಾ ತೀರದ ಆಸುಪಾಸಿನವು. ಶಿರಗುಪ್ಪಿಯ ಶಿಕ್ಷಕಿಯೊಬ್ಬರಿಗೆ ಉತ್ತರ ಬರೆಯುತ್ತಿದ್ದಾಗಲೇ ಉಗಾರ, ಕಾಗವಾಡ, ರಾಯಬಾಗ, ನಿಪ್ಪಾಣಿ, ಅಥಣಿ ಕಡೆಯ ಪತ್ರಗಳೂ ಕೈಸೇರಿದವು. ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ವಿಷಯ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಐದನೆಯ ತರಗತಿಗೆ ಕಲಿಸುತ್ತೇನೆ. 38 ಮಕ್ಕಳು. ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಇನ್ನು ಕೆಲವರು ಕೈಯಿಂದ ಮಾಡಿ ಕಲಿಯುತ್ತಾರೆ. ಯಾರು ಯಾವ ಶೈಲಿಯವರೆಂದು ಗುರುತಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿ ಎಂದು ಒಂದು ತರಬೇತಿಯಲ್ಲಿ ಹೇಳಿದರು. ಪ್ರಶ್ನಾವಳಿ ಕೊಟ್ಟು ಮಕ್ಕಳ ಪಟ್ಟಿ ಮಾಡಿದ್ದೇನೆ. ಆದರೆ 40 ನಿಮಿಷದ ಅವಧಿಯಲ್ಲಿ ಒಂದೇ ಪಾಠವನ್ನು ಮೂರು ಥರ ಮಾಡುವುದು ಹೇಗೆ? ಆಗದೇ ಹೋದಾಗ ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸುತ್ತದೆ.
— ಒಬ್ಬ ಶಿಕ್ಷಕಿ, ಶಿರಗುಪ್ಪಿ

ಉತ್ತರ: ಅಕ್ಕೋರೆ, ಮೊದಲು ಆ ಪಟ್ಟಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ. ನೀವು ಯಾರಿಗೂ ಅನ್ಯಾಯ ಮಾಡುತ್ತಿಲ್ಲ. ಮೂರು ಥರ ಪಾಠ ಮಾಡಬೇಕಾದ ಅಗತ್ಯವೇ ಇಲ್ಲ.

ಇಂಥ ಪ್ರಶ್ನಾವಳಿಗಳಲ್ಲಿ ಹೆಸರಾದದ್ದೊಂದು ನ್ಯೂಜಿಲೆಂಡಿನದು. ಅಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿದ್ದ ನೀಲ್ ಫ್ಲೆಮಿಂಗ್ ಎಂಬವರು 1987ರಲ್ಲಿ ‘ವಾರ್ಕ್’ ಎಂಬ ಪ್ರಶ್ನಾವಳಿ ತಯಾರಿಸಿದರು. ನೋಡುವವರು, ಕೇಳುವವರು, ಓದಿ ಬರೆಯುವವರು, ಮಾಡುವವರು ಎಂದು ಅವರದು ನಾಲ್ಕು ಬಗೆ. ನಿಮ್ಮ ತರಬೇತಿಯಲ್ಲಿ ಓದಿ ಬರೆಯುವವರಿಲ್ಲ, ಕಣ್ಣು, ಕಿವಿ, ಕೈ ಮೂರೇ. ಇಂಥ ವಿಂಗಡಣೆ ಇದೊಂದೇ ಅಲ್ಲ. 2004ರಲ್ಲಿ ಇಂಗ್ಲೆಂಡಿನ ಫ್ರ್ಯಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಎಣಿಸಿದಾಗ ಇಂಥ 71 ಮಾದರಿಗಳು ಸಿಕ್ಕವು. ಒಂದು ಮಾದರಿಯ ಪ್ರಕಾರ ಕಣ್ಣಿನ ಮಗು ಇನ್ನೊಂದರಲ್ಲಿ ಬೇರೆಯೇ ಏನೋ ಆಗುತ್ತದೆ.

ಶೈಲಿಯ ಮಾತು ನಿಜವೇ ಎಂದು ಪರೀಕ್ಷಿಸುವ ದಾರಿ ಕಷ್ಟದ್ದಲ್ಲ. ಕಣ್ಣಿನ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಚಿತ್ರದಿಂದ, ಇನ್ನರ್ಧಕ್ಕೆ ಮಾತಿನಿಂದ ಕಲಿಸಬೇಕು. ಕಿವಿಯ ಮಕ್ಕಳಿಗೂ ಹಾಗೆಯೇ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಹೆಚ್ಚು ಕಲಿತಿದ್ದರೆ ಮಾತ್ರ ಶೈಲಿಯ ವಾದ ನಿಲ್ಲುತ್ತದೆ. 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು, ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು, ಅದುವರೆಗಿನ ಅಧ್ಯಯನಗಳನ್ನೆಲ್ಲ ಈ ಅಳತೆಗೆ ಹಚ್ಚಿ ನೋಡಿದರು. ಹೀಗೆ ಸರಿಯಾಗಿ ನಡೆಸಿದ ಪ್ರಯೋಗಗಳೇ ಬೆರಳೆಣಿಕೆಯಷ್ಟಿದ್ದವು, ಅವುಗಳಲ್ಲಿ ಹಲವು ವಾದಕ್ಕೆ ವಿರುದ್ಧವೇ ಇದ್ದವು. 2015ರಲ್ಲಿ ಬೆತ್ ರೊಗೊವ್ಸ್ಕಿ ಮತ್ತು ಸಂಗಡಿಗರು ವಯಸ್ಕರಲ್ಲಿ ಒಂದೇ ಪುಸ್ತಕದ ಭಾಗವನ್ನು ಕೆಲವರಿಗೆ ಕೇಳಿಸಿ, ಕೆಲವರಿಗೆ ಓದಿಸಿ ನೋಡಿದರು. ಆ ವಯಸ್ಕರು ತಮ್ಮದು ಎಂದುಕೊಂಡಿದ್ದ ಶೈಲಿಗೂ ಅವರಿಗೆ ಅರ್ಥವಾದದ್ದಕ್ಕೂ ಸಂಬಂಧ ಕಾಣಲಿಲ್ಲ.

ತರಬೇತಿ ಕೊಟ್ಟವರನ್ನು ಬೈಯಬೇಡಿ. 2012ರಲ್ಲಿ ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನ ಶಿಕ್ಷಕರನ್ನು ಕೇಳಿದಾಗ ನೂರಕ್ಕೆ 93, 96 ಮಂದಿ ಶೈಲಿಯ ಮಾತನ್ನು ನಂಬಿದ್ದರು. ನಂಬಿಕೆ ಹುಟ್ಟಲು ಕಾರಣವೂ ಇದೆ. ಮಕ್ಕಳಿಗೆ ಇಷ್ಟಾನಿಷ್ಟಗಳಿರುವುದು ಸುಳ್ಳಲ್ಲ. ಒಬ್ಬನಿಗೆ ಚಿತ್ರ ಬರೆಯುವ ಖುಷಿ, ಇನ್ನೊಬ್ಬಳಿಗೆ ಹಾಡುವ ಖುಷಿ. ಆದರೆ ಇಷ್ಟವಾದ ದಾರಿಯಲ್ಲೇ ಹೆಚ್ಚು ಕಲಿಯುತ್ತಾರೆ ಎಂಬುದು ಬೇರೆ ಮಾತು, ಅದಕ್ಕೆ ಆಧಾರ ಸಿಕ್ಕಿಲ್ಲ.

ಹಾಗಾದರೆ ಚಿತ್ರ, ಹಾಡು, ಚಟುವಟಿಕೆ ಎಲ್ಲ ಬಿಟ್ಟು ಪುಸ್ತಕ ಓದಿಸಿಬಿಡಬೇಕೆ? ಖಂಡಿತ ಬೇಡ. ಎಲ್ಲವೂ ಬೇಕು, ಎಲ್ಲ ಮಕ್ಕಳಿಗೂ ಬೇಕು. ಯಾವಾಗ ಯಾವುದು ಬೇಕು ಎಂಬುದನ್ನು ಪಾಠವೇ ಹೇಳುತ್ತದೆ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕಲ್ಲೋಳ-ಯಡೂರ ಹತ್ತಿರ ದೂಧಗಂಗೆಯನ್ನೂ ಕೂಡಿಕೊಂಡು ಬರುವುದನ್ನು ನಕಾಶೆಯಿಲ್ಲದೆ ಎಷ್ಟು ಹೇಳಿದರೂ ಆಗದು. ನಿಮ್ಮ ಪಟ್ಟಿಯ ‘ಕಿವಿಯ ಮಗು’ವಿಗೂ ನಕಾಶೆ ಬೇಕು. ಪದ್ಯದ ಲಯವನ್ನು ಬರೀ ಕಣ್ಣಿಂದ ಕಲಿಯಲಿಕ್ಕಾಗದು, ‘ಕಣ್ಣಿನ ಮಗು’ವೂ ಬಾಯಿಬಿಟ್ಟು ಹೇಳಲೇಬೇಕು.

ವಿಸ್ತೀರ್ಣದ ಪಾಠವನ್ನೇ ತೆಗೆದುಕೊಳ್ಳಿ. ನಿಮ್ಮ ಕಡೆಯ ಮಕ್ಕಳಿಗೆ ಗುಂಟೆ ಎಂದರೆ ಹೊಸದಲ್ಲ, ಮನೆಯಲ್ಲಿ ಕಬ್ಬಿನ ಲೆಕ್ಕ ಕೇಳಿಯೇ ಬೆಳೆದಿರುತ್ತಾರೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಹಿಡಿಸಿ ಮೈದಾನದಲ್ಲಿ ನಾಲ್ಕು ಮೂಲೆಗೆ ನಾಲ್ವರನ್ನು ನಿಲ್ಲಿಸಿ. ಒಳಗೆ ಎಷ್ಟು ಚದರ ಅಡಿ? 1089. ಸುತ್ತ ಬೇಲಿ ಹಾಕಲು ಎಷ್ಟು ಅಡಿ ತಂತಿ? 132. ಈಗ ಕಾಲುವೆಯ ಬದಿಗೆ 11 ಅಡಿ ಅಗಲ, 99 ಅಡಿ ಉದ್ದದ ಪಟ್ಟಿ ಎಳೆಸಿ. ಅದೂ 1089 ಚದರ ಅಡಿಯೇ, ಅದೂ ಒಂದು ಗುಂಟೆಯೇ. ತಂತಿ ಮಾತ್ರ 220 ಅಡಿ ಬೇಕು! ಹೊಲ ಅಷ್ಟೇ ಇದ್ದು ಬೇಲಿ ಯಾಕೆ ಹೆಚ್ಚಾಯಿತು ಎಂದು ಮಕ್ಕಳು ಜಗಳವಾಡಲಿ. ಆಮೇಲೆ ಒಳಗೆ ಬಂದು ಎರಡೂ ಆಕೃತಿಯನ್ನು ಪಾಟಿಯ ಮೇಲೆ ಬರೆಯಲಿ, ಕೊನೆಗೆ ಸೂತ್ರ ಬರಲಿ. ಕಣ್ಣು, ಕಿವಿ, ಕೈ ಮೂರೂ ಬಂದವು, ಮಕ್ಕಳನ್ನು ಒಡೆಯದೆ. ಕೈಯಿಂದ ಅಳೆದದ್ದು ಚಿತ್ರಕ್ಕೆ, ಚಿತ್ರ ಸೂತ್ರಕ್ಕೆ ಅರ್ಥ ಕೊಟ್ಟದ್ದರಿಂದಲೇ ಪಾಠ ನಿಂತಿತು. ‘ಕೈಯ ಮಕ್ಕಳು’ ಹಗ್ಗ ಹಿಡಿದು ಹೊರಗೇ ಉಳಿದು, ‘ಕಣ್ಣಿನ ಮಕ್ಕಳು’ ಒಳಗೇ ಕೂತಿದ್ದರೆ ಇಬ್ಬರಿಗೂ ಅರ್ಧ ಪಾಠ.

ಇನ್ನು, ನೀವು ಪಟ್ಟಿ ಮಾಡಲೇಬೇಕೆಂದಿದ್ದರೆ ಬೇರೆ ಪಟ್ಟಿ ಮಾಡಿ. 38 ಮಕ್ಕಳಲ್ಲಿ ಒಂದು ಪ್ಯಾರಾ ತಡವರಿಸದೆ ಓದುವವರು ಯಾರು, ಪದ ಮಾತ್ರ ಓದುವವರು ಯಾರು, ಅಕ್ಷರದಲ್ಲೇ ನಿಂತವರು ಯಾರು? ದಶಕ ತೆಗೆದುಕೊಂಡು ಕಳೆಯಲು ಬರುವವರು ಯಾರು? ಒಬ್ಬೊಬ್ಬರನ್ನೇ ಕರೆದು ಐದು ನಿಮಿಷ ಕೂರಿಸಿಕೊಂಡರೆ ಒಂದು ವಾರದಲ್ಲಿ ಗೊತ್ತಾಗುತ್ತದೆ. ಮುಂಬಯಿಯಲ್ಲಿ 1995ರಲ್ಲಿ ಶುರುವಾದ ‘ಪ್ರಥಮ್’ ಸಂಸ್ಥೆ ಕ್ರಮೇಣ ಈ ದಾರಿ ಹಿಡಿಯಿತು: ದಿನದ ಒಂದು ಹೊತ್ತು ತರಗತಿಯ ಗೆರೆ ಅಳಿಸಿ, ಮಗು ನಿಂತ ಮಟ್ಟದ ಪ್ರಕಾರ ಗುಂಪು ಕೂರಿಸಿ ಓದು, ಲೆಕ್ಕ ಕಲಿಸುವುದು. ಆ ಸಂಸ್ಥೆ ಮುಂಬಯಿ, ವಡೋದರಾಗಳಲ್ಲಿ ಹಿಂದುಳಿದ ಮಕ್ಕಳಿಗೆ ಊರಿನ ಯುವತಿಯರಿಂದಲೇ ಪಾಠ ಹೇಳಿಸಿದ ‘ಬಾಲಸಖಿ’ ಪ್ರಯೋಗವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಅಳೆದು 2007ರಲ್ಲಿ ಪ್ರಕಟಿಸಿದರು. ತೀರಾ ಹಿಂದಿದ್ದ ಮಕ್ಕಳೇ ಹೆಚ್ಚು ಮೇಲೆ ಬಂದಿದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಅವರಿಗೂ. ಮಕ್ಕಳ ನಡುವಿನ ವ್ಯತ್ಯಾಸ ದೊಡ್ಡದು ಎಂದು ನಿಮ್ಮ ತರಬೇತಿಯಲ್ಲಿ ಹೇಳಿದ್ದು ಸರಿ. ಅದನ್ನು ಹುಡುಕಿದ ಜಾಗ ತಪ್ಪು.

ಪ್ರಶ್ನೆ: ಮಗ ಏಳನೆಯ ತರಗತಿ. ಶಾಲೆಗೆ ಬಂದಿದ್ದ ಒಂದು ಕಂಪನಿಯವರು ಹತ್ತೂ ಬೆರಳಿನ ಗುರುತು ತೆಗೆದುಕೊಂಡು ದೊಡ್ಡ ರಿಪೋರ್ಟು ಕೊಟ್ಟಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟೆವು. ಇವನು ಮಾಡಿ ಕಲಿಯುವವನು, ಓದು ಇವನಿಗೆ ಒಗ್ಗುವುದಿಲ್ಲ, ಆಟದ ಕಡೆ ಹಾಕಿ ಎಂದು ಬರೆದಿದೆ. ಗಾರ್ಡ್ನರ್ ಎಂಬ ದೊಡ್ಡ ವಿಜ್ಞಾನಿಯ ಹೆಸರೂ ಇದೆ. ಏನು ಮಾಡಲಿ?
— ಒಬ್ಬ ತಂದೆ, ಉಗಾರ ಖುರ್ದ

ಉತ್ತರ: ರಿಪೋರ್ಟನ್ನು ಹುಡುಗನ ಕೈಗೆ ಸಿಗದ ಹಾಗೆ ಇಡಿ. ದುಡ್ಡು ಹೋಯಿತು ಅಂದುಕೊಳ್ಳಿ. ಮಗ ಓದು ಬಿಡುವ ಹಾಗೆ ಆಗದಿದ್ದರೆ ಸಾಕು.

ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲಿ ಐದನೆಯ ತಿಂಗಳ ಹೊತ್ತಿಗೆ ಮೂಡಿ ಮುಗಿದಿರುತ್ತವೆ. ಪೊಲೀಸರಿಗೆ ಅವು ಬೇಕು, ಆಧಾರ್‌ಗೂ ಬೇಕು. ಹುಡುಗ ಹೇಗೆ ಓದುತ್ತಾನೆ ಎಂಬುದನ್ನು ಅವು ಹೇಳಲಾರವು. ಹಸ್ತರೇಖೆ ನೋಡುವವರಾದರೂ ಇದಕ್ಕಿಂತ ಅಗ್ಗಕ್ಕೆ ಹೇಳುತ್ತಿದ್ದರು.

ಹೋವರ್ಡ್ ಗಾರ್ಡ್ನರ್ ಹಾರ್ವರ್ಡ್ ವಿಶ್ವವಿದ್ಯಾಲಯದವರು. 1983ರ ಪುಸ್ತಕದಲ್ಲಿ, ಬುದ್ಧಿ ಎಂದರೆ ಒಂದೇ ಅಲ್ಲ, ಭಾಷೆಯದು, ತರ್ಕದ್ದು, ಸಂಗೀತದ್ದು, ದೇಹದ್ದು ಎಂದು ಹಲವು ಎಂದರು. ಅದನ್ನು ಒಪ್ಪದ ವಿದ್ವಾಂಸರೂ ಬಹಳ. ಅದಿರಲಿ, ಬೆರಳಚ್ಚಿನ ಪರೀಕ್ಷೆ ಅವರು ಮಾಡಿದ್ದಲ್ಲ. ‘ಹಲವು ಬುದ್ಧಿ’ ಬೇರೆ, ‘ಕಲಿಕಾ ಶೈಲಿ’ ಬೇರೆ, ಎರಡನ್ನೂ ಕಲಸಬೇಡಿ ಎಂದು 2013ರಲ್ಲಿ ಅವರೇ ಬರೆದಿದ್ದಾರೆ. ಹುಡುಗ ಆಡಲಿ, ಚೆನ್ನಾಗಿ ಆಡಲಿ. ಸಂಜೆ ಅರ್ಧ ತಾಸು ನಿಮ್ಮೆದುರು ಗಟ್ಟಿಯಾಗಿ ಓದಲಿ. ಎಲ್ಲಿ ತಡೆಯುತ್ತಾನೆ ಎಂದು ನೀವೇ ಕೇಳಿಸಿಕೊಂಡು ಮಾಸ್ತರಿಗೆ ತಿಳಿಸಿ. ಆ ರಿಪೋರ್ಟಿಗಿಂತ ಇದರಿಂದ ಹೆಚ್ಚು ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಶಾಲೆ. ಮೂರನೆಯ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಆಡುವ ಐದಾರು ಮಕ್ಕಳಿದ್ದಾರೆ. ಕಾರ್ಖಾನೆ ಶುರುವಾದ ಮೇಲೆ ಮಹಾರಾಷ್ಟ್ರದ ಬೀಡ ಕಡೆಯ ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳೂ ಬರುತ್ತಾರೆ. ಇವರು ಹೇಳಿದ್ದನ್ನು ಕೇಳಿ ಸುಮ್ಮನೆ ಕೂರುತ್ತಾರೆ, ಚಿತ್ರ ತೋರಿಸಿದರೆ ಮಾತ್ರ ಕಣ್ಣರಳುತ್ತದೆ. ಇವರನ್ನು ನೋಡಿ ಕಲಿಯುವ ಗುಂಪಿಗೆ ಹಾಕಿದ್ದು ಸರಿಯೇ?
— ಒಬ್ಬ ಗುರುಗಳು, ಕಾಗವಾಡ

ಉತ್ತರ: ಗುರುಗಳೆ, ನಿಮ್ಮನ್ನು ಒಯ್ದು ತಮಿಳು ತರಗತಿಯಲ್ಲಿ ಕೂರಿಸಿದರೆ ನೀವೂ ಅರ್ಧ ಗಂಟೆಯಲ್ಲಿ ‘ನೋಡಿ ಕಲಿಯುವವರು’ ಆಗಿಬಿಡುತ್ತೀರಿ. ಆ ಮಕ್ಕಳ ಕಿವಿಗೆ ಏನೂ ಆಗಿಲ್ಲ, ಬಾಯಿಗೂ ಆಗಿಲ್ಲ. ನೀರಿನ ಟಾಕಿಯ ಹತ್ತಿರ ಹೋಗಿ ಕೇಳಿ, ಎಷ್ಟು ಮಾತಾಡುತ್ತಾರೆಂದು. ಪಾಠದ ಭಾಷೆ ಅವರದಲ್ಲ, ಸುಮ್ಮನಿರುವುದು ಅದಕ್ಕೆ. ಚಿತ್ರದ ಗುಂಪಿಗೆ ಹಾಕಿದರೆ ಕನ್ನಡ ಕೇಳುವುದೇ ಇನ್ನೂ ಕಡಿಮೆಯಾಗುತ್ತದೆ.

ಮೊದಲ ಕೆಲವು ವಾರ ಮರಾಠಿಗೆ ಜಾಗ ಕೊಡಿ. ಶಾಲೆಯಲ್ಲಿ ಮರಾಠಿ ಆಡಿದರೆ ಕನ್ನಡ ಕೆಡುತ್ತದೆ ಎಂಬ ಹೆದರಿಕೆ ಗಡಿಭಾಗದಲ್ಲಿ ಇದೆ, ನನಗೆ ಗೊತ್ತು. ಅದು ದೊಡ್ಡವರ ರಾಜಕಾರಣದ ಹೆದರಿಕೆ, ಮೂರನೆಯ ತರಗತಿಗೆ ಬೇಡ. ಕಥೆ ಹೇಳುವಾಗ ಕಷ್ಟದ ಮಾತು ಬಂದರೆ ಎರಡೂ ಭಾಷೆ ಬಲ್ಲ ಮಗು ಎದ್ದು ಮರಾಠಿಯಲ್ಲಿ ಹೇಳಲಿ. ಅಂಥ ಮಗು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತದೆ. ಪಾಟಿ, ಗಾಡಿ, ಅಕ್ಕಾ, ಅಣ್ಣಾ ಎಂದು ಎರಡೂ ಕಡೆ ನಡೆಯುವ ಮಾತುಗಳ ಪಟ್ಟಿಯನ್ನು ಗೋಡೆಗೆ ಹಚ್ಚಿ. ಮಕ್ಕಳೇ ಅದನ್ನು ಬೆಳೆಸುತ್ತಾರೆ.

ಬರಹದಲ್ಲಿ ನಿಮಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಹಳ ಜನ ಬಳಸುವುದಿಲ್ಲ. ದೇವನಾಗರಿ ಕಲಿತು ಬಂದ ಮಗುವಿಗೆ ವರ್ಣಮಾಲೆಯ ಕ್ರಮ ಗೊತ್ತೇ ಇರುತ್ತದೆ. ಕ-ಖ-ಗ-ಘ ಅಲ್ಲೂ ಅದೇ, ಇಲ್ಲೂ ಅದೇ. ಗುಣಿತ ಹಚ್ಚುವ ಬಗೆಯೂ ಹೆಚ್ಚುಕಡಿಮೆ ಅದೇ. ಮೊದಲಿನಿಂದ ಶುರುಮಾಡದೆ, ಎರಡೂ ಲಿಪಿಯನ್ನು ಅಕ್ಕಪಕ್ಕ ಬರೆದ ಕೋಷ್ಟಕ ಕೊಡಿ. ತೊಡಕು ಬರುವ ಜಾಗ ಎ-ಏ, ಒ-ಓ. ಮರಾಠಿ ಬರಹದಲ್ಲಿ ಈ ಹ್ರಸ್ವ-ದೀರ್ಘ ಬೇರೆಬೇರೆ ಇಲ್ಲ. ಹಾಗಾಗಿ ‘ಬೆಳೆ’ ಬರೆ ಎಂದರೆ ಮಗು ‘ಬೇಳೆ’ ಬರೆಯುತ್ತದೆ, ‘ಕೊಡು’ ಹೋಗಿ ‘ಕೋಡು’ ಆಗುತ್ತದೆ. ಇದು ಅಜಾಗ್ರತೆಯಲ್ಲ. ಕಿವಿಗೆ ಆ ವ್ಯತ್ಯಾಸ ಇನ್ನೂ ಬಿದ್ದಿಲ್ಲ. ಬರೆಸುವ ಮೊದಲು ಕೇಳಿಸಿ: ಬೆಳೆ ಎಂದಾಗ ಒಂದು ಚಪ್ಪಾಳೆ, ಬೇಳೆ ಎಂದಾಗ ಉದ್ದಕ್ಕೆ ಕೈ ಎಳೆಯುವುದು. ನಿಮ್ಮ ‘ನೋಡುವ’ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದು ಕಿವಿಯ ಪಾಠ!

ಗ್ಯಾಂಗಿನ ಮಕ್ಕಳ ವಿಷಯ ಬೇರೆ. ಅವರು ದೀಪಾವಳಿಯ ಆಸುಪಾಸಿಗೆ ಬಂದು ಬೇಸಿಗೆ ಮೊದಲು ಹೊರಟುಹೋಗುತ್ತಾರೆ. ದಾಖಲಾತಿ ಪತ್ರವಿಲ್ಲ, ವರ್ಗಾವಣೆ ಪ್ರಮಾಣಪತ್ರವಿಲ್ಲ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದಿರುವ ಮಗುವಿಗೆ ವಿಶೇಷ ತರಬೇತಿ ಕೊಡಬೇಕೆಂದು ಅದು ಹೇಳುತ್ತದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಬಳಿ ಇಂಥ ಮಕ್ಕಳಿಗೆಂದೇ ‘ಸಾಖರ ಶಾಳಾ’ಗಳು ನಡೆದಿವೆ. ನಿಮ್ಮಲ್ಲಿ ಅದಿಲ್ಲದಿದ್ದರೂ ಇಷ್ಟು ಮಾಡಬಹುದು: ಹೋಗುವಾಗ ಆ ಮಗುವಿನ ಕೈಯಲ್ಲಿ ಒಂದು ಹಾಳೆ ಕೊಡಿ. ಎಲ್ಲಿಯವರೆಗೆ ಓದು ಬಂದಿದೆ, ಎಷ್ಟರವರೆಗೆ ಮಗ್ಗಿ ಬಂದಿದೆ ಎಂದು ಮರಾಠಿಯಲ್ಲೇ ಬರೆದು ಕೊಡಿ. ಊರಿನ ಶಾಲೆಯವರು ಮತ್ತೆ ಮೊದಲಿನಿಂದ ಶುರುಮಾಡುವುದು ತಪ್ಪುತ್ತದೆ.

ಪ್ರಶ್ನೆ: ಸರ್, ನಾ ಎಸ್ಸೆಸ್ಸೆಲ್ಸಿ ಹುಡುಗಿ. ಪುಸ್ತಕ ಓದಿದ್ರ ತಲಿಗೆ ಹತ್ತೂದಿಲ್ಲ. ಮೊಬೈಲ್‌ನಾಗ ವಿಡಿಯೋ ನೋಡಿದ್ರ ಎಲ್ಲಾ ತಿಳೀತದ. ಆದ್ರ ಪರೀಕ್ಷಾದಾಗ ಬರ್ಯಾಕ ಹೋದ್ರ ಏನೂ ನೆನಪ ಆಗೂದಿಲ್ಲ. ನಾ ನೋಡಿ ಕಲಿಯೋ ಪೈಕಿ ಇರಬೇಕು. ಅಪ್ಪ ಮೊಬೈಲ್ ಕೊಡವಲ್ರು. ನೀವ ಒಂದ್ ಮಾತ ಹೇಳ್ರಿ.
— ಒಬ್ಬ ವಿದ್ಯಾರ್ಥಿನಿ, ರಾಯಬಾಗ ತಾಲೂಕು

ಉತ್ತರ: ಇಲ್ಲ ತಂಗಿ, ಅಪ್ಪನಿಗೆ ನಾನು ಹೇಳುವುದಿಲ್ಲ. ನಿನ್ನ ಪತ್ರದಲ್ಲೇ ಉತ್ತರ ಇದೆ: ನೋಡಿದಾಗ ಎಲ್ಲ ತಿಳಿಯಿತು, ಬರೆಯುವಾಗ ಏನೂ ಬರಲಿಲ್ಲ. ಹಾಗಿದ್ದರೆ ತಿಳಿದಿರಲಿಲ್ಲ, ತಿಳಿದ ಹಾಗೆ ಅನ್ನಿಸಿತ್ತು. ಹೇಳುವವರು ಸಲೀಸಾಗಿ ಹೇಳಿದರೆ ನಮಗೂ ಸಲೀಸು ಅನ್ನಿಸುತ್ತದೆ. ಪುಸ್ತಕವನ್ನು ಹತ್ತು ಸಲ ಓದಿದರೂ ಇದೇ ಮೋಸ ಆಗುತ್ತದೆ, ವಿಡಿಯೋದ್ದೊಂದೇ ತಪ್ಪಲ್ಲ.

ಅಮೆರಿಕದಲ್ಲಿ ರೋಡಿಗರ್, ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದು: ನೂರಕ್ಕೆ 81, ಬರೆದವರದು 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು: ಓದಿದವರಿಗೆ ಉಳಿದದ್ದು 42, ಬರೆದವರಿಗೆ 56. ನಿನ್ನ ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲವಲ್ಲ.

ಹಾಗಾಗಿ ಅಪ್ಪನ ಜೊತೆ ಒಂದು ಕರಾರು ಮಾಡಿಕೊ. ದಿನಕ್ಕೆ ಒಂದೇ ವಿಡಿಯೋ, ಚಿಕ್ಕದು. ಮುಗಿದ ಕೂಡಲೇ ಮೊಬೈಲ್ ಅವರ ಕೈಗೆ. ಆಮೇಲೆ ಪುಸ್ತಕ ಮುಚ್ಚಿಟ್ಟು ಕಚ್ಚಾ ವಹಿಯಲ್ಲಿ ಬರೆ. ದ್ಯುತಿಸಂಶ್ಲೇಷಣೆಯಾದರೆ ಚಿತ್ರವನ್ನೂ ನೋಡದೆ ತೆಗೆ. ಬರೆದದ್ದನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೊಮ್ಮೆ. ಮೊದಮೊದಲು ಬೇಜಾರಾಗುತ್ತದೆ, ಏನೂ ಬರುವುದಿಲ್ಲ ಅನ್ನಿಸುತ್ತದೆ. ಬರದೇ ಇದ್ದದ್ದು ಮನೆಯಲ್ಲೇ ಗೊತ್ತಾದರೆ ಲಾಭವೇ.

ಪ್ರಶ್ನೆ: ಎಂಟನೆಯ ತರಗತಿಯ ಒಬ್ಬ ಹುಡುಗ. ಬಾಯಲ್ಲಿ ಕೇಳಿದರೆ ವಿಜ್ಞಾನ, ಸಮಾಜ ಎಲ್ಲ ಹೇಳುತ್ತಾನೆ. ಓದು ಎಂದರೆ ಒಂದೊಂದೇ ಅಕ್ಷರ ಕೂಡಿಸುತ್ತಾನೆ, ಬರೆದರೆ ಒತ್ತಕ್ಷರ ಇರುವುದಿಲ್ಲ, ಗುಣಿತ ಅದಲುಬದಲು. ‘ಕೇಳಿ ಕಲಿಯುವವನು’ ಎಂದು ಎಲ್ಲ ಮಾಸ್ತರೂ ಒಪ್ಪಿಕೊಂಡು ಬರೆಸುವುದನ್ನೇ ಬಿಟ್ಟಿದ್ದಾರೆ.
— ಪ್ರೌಢಶಾಲಾ ಶಿಕ್ಷಕರು, ನಿಪ್ಪಾಣಿ

ಉತ್ತರ: ಶೈಲಿಯ ಮಾತು ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಇಲ್ಲೇ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದೀರಿ, ಆದರೆ ಸಹಾಯ ಬೇಕಾದ ಹುಡುಗನಿಗೆ ಒಂದು ಹೆಸರಿಟ್ಟು ಸಹಾಯವನ್ನೇ ನಿಲ್ಲಿಸಿದಂತಾಯಿತು.

ಕನ್ನಡ ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಸಮಯ ಹಿಡಿಯುತ್ತದೆ, ನಿಜ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ ಎಂಬುದು ಕಂಡಿತು. ಇಂಗ್ಲಿಷಿನ 26 ಅಕ್ಷರಗಳ ಲೆಕ್ಕ ಇಲ್ಲಿಗೆ ಹಿಡಿಯುವುದು ತಪ್ಪು. ಆದರೆ ಎಂಟನೆಯ ತರಗತಿಗೆ ಬಂದ, ಬಾಯಲ್ಲಿ ಇಷ್ಟು ಚುರುಕಾದ ಹುಡುಗ ಇನ್ನೂ ಅಕ್ಷರ ಕೂಡಿಸುತ್ತಿದ್ದಾನೆ ಎಂದರೆ ಸುಮ್ಮನಿರಬಾರದು.

ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷಿಸಬೇಕು. ಇದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಇದೂ ಇದೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳಿಗೆಂದು ‘ಬಿಐಇಆರ್‌ಟಿ’ ಶಿಕ್ಷಕರಿರುತ್ತಾರೆ, ಅವರಿಗೆ ಬರೆದು ಕಳಿಸಿ. ಅವರು ಜಿಲ್ಲಾಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ದಾರಿ ತೋರಿಸಬಲ್ಲರು. ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಮೊದಲಾದ ರಿಯಾಯಿತಿ ಕೇಳಬಹುದು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡಿದರೆ ಆಗುವುದಿಲ್ಲ, ಈಗಲೇ ಶುರುಮಾಡಿ.

ಪ್ರಮಾಣಪತ್ರ ಬರುವವರೆಗೆ ಕಾಯದೆ ಬರೆಸಿ. ದಿನಕ್ಕೆ ಐದೇ ಪದ, ಅದೂ ಬಿಡಿಸಿ ಉಚ್ಚರಿಸಿ ಬರೆಯುವುದು: ‘ಅಕ್ಕಿ’ಯಲ್ಲಿ ಒತ್ತು ಎಲ್ಲಿ ಬಂತು, ‘ಹತ್ತಿ’ಯಲ್ಲಿ ಎಲ್ಲಿ? ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ. ಘಟಕ ಪರೀಕ್ಷೆಯಲ್ಲಿ ಗೊತ್ತಿದ್ದದ್ದನ್ನು ಬಾಯಲ್ಲಿ ಹೇಳಲಿ, ಅಂಕ ಕೊಡಿ. ಬರೆಯುವ ಅಭ್ಯಾಸ ಅದರ ಪಾಡಿಗೆ ನಡೆಯಲಿ.

ಪ್ರಶ್ನೆ: ನಾವು ಪಾವಕಿ, ಸವಾಯಕಿ, ದೀಡಕಿ ಮಗ್ಗಿ ಬಾಯಿಪಾಠ ಮಾಡಿ ಲೆಕ್ಕ ಕಲಿತವರು. ಈಗ ನಲಿ-ಕಲಿ ಅಂತ ಹಾಡು, ಕಾರ್ಡು, ಚಪ್ಪರ. ಇದೂ ಈ ಶೈಲಿಗಳ ಹುಚ್ಚೇ ಅಲ್ಲವೆ?
— ನಿವೃತ್ತ ಮುಖ್ಯಾಧ್ಯಾಪಕರು, ಅಥಣಿ

ಉತ್ತರ: ಹಿರಿಯರೆ, ಅಲ್ಲ. ನಲಿ-ಕಲಿಗೂ ಶೈಲಿಗೂ ಸಂಬಂಧವಿಲ್ಲ. ಆಂಧ್ರದ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುಮಾಡಿದ್ದು ಅದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅದು ಲೆಕ್ಕಕ್ಕೆ ಹಿಡಿಯುವುದು ಮಗುವಿನ ವೇಗವನ್ನು. ಕಲಿಕಾ ಏಣಿಯಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಮಗುವಿಗೇ ಗೊತ್ತು. ಕೃಷ್ಣೆಗೆ ನೆರೆ ಬಂದು ಹದಿನೈದು ದಿನ ಶಾಲೆ ತಪ್ಪಿದರೂ ಬಂದು ಅದೇ ಮೆಟ್ಟಿಲಿನಿಂದ ಏರುತ್ತದೆ. 2019ರ ಆಗಸ್ಟ್ ತಿಂಗಳ ನೆರೆ ನೆನಪಿರುವ ನಿಮ್ಮ ಭಾಗಕ್ಕೆ ಇದು ಚಿಕ್ಕ ಮಾತಲ್ಲ. ಮಕ್ಕಳೇ ಮಕ್ಕಳಿಗೆ ಕಲಿಸುವುದೂ ಅದರಲ್ಲಿದೆ. ಅದು ನಿಮ್ಮ ಗಾಂವಠಿ ಶಾಲೆಗಳ ಕಾಲದ್ದೇ ಪದ್ಧತಿ. ಮದ್ರಾಸಿನ ಕಡೆ ಮಕ್ಕಳು ಮರಳಲ್ಲಿ ಬರೆದು ಒಬ್ಬರಿಗೊಬ್ಬರು ಕಲಿಸುವುದನ್ನು ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ಇಂಗ್ಲೆಂಡಿಗೆ ಒಯ್ದು 1797ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ.

ದೋಷಗಳಿವೆ. ಮಕ್ಕಳು ಹೆಚ್ಚಾಗಿ ಒಬ್ಬರೇ ಶಿಕ್ಷಕರಿದ್ದರೆ ಕಾರ್ಡು ಎತ್ತಿಡುವುದರಲ್ಲೇ ದಿನ ಕಳೆಯುತ್ತದೆ. ಏಣಿ ಮುಗಿದ ಮೇಲಿನ ತರಗತಿಗೆ ಬಂದ ಮಗುವಿಗೆ ಒಮ್ಮೆಗೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಬಾಯಿಪಾಠದ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಮಗ್ಗಿ ಬಾಯಲ್ಲಿರಬೇಕು, ಆರೇಳು ಎಷ್ಟು ಎಂದು ಬೆರಳು ಮಡಿಸುತ್ತ ಕೂತರೆ ಭಾಗಾಕಾರಕ್ಕೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಛಡಿಯೊಂದನ್ನು ಮಾತ್ರ ವಾಪಸ್ ತರಬೇಡಿ.

ಪ್ರಶ್ನೆ: ಹಳೆಯ ವಿದ್ಯಾರ್ಥಿಗಳು ಸ್ವಲ್ಪ ಹಣ ಕೂಡಿಸಿದ್ದಾರೆ. ಎಲ್ಲ ಶೈಲಿಯ ಮಕ್ಕಳಿಗೂ ಅನುಕೂಲ ಅಂತ ಸ್ಮಾರ್ಟ್ ಬೋರ್ಡ್ ತರಬೇಕೆಂದಿದ್ದೇವೆ. ತರಬಹುದೆ?
— ಎಸ್‌ಡಿಎಂಸಿ ಸದಸ್ಯರು, ಶಿರಗುಪ್ಪಿ

ಉತ್ತರ: ತರಬಹುದು, ಆದರೆ ಕೊನೆಗೆ ತನ್ನಿ. ಮೊದಲು ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಹೊಡೆಸಿ, ಪ್ರತಿ ಮಗುವಿಗೂ ಬರೆಯಲು ಜಾಗ ಸಿಗಲಿ. ಎರಡನೆಯದು, ಮಕ್ಕಳು ಮನೆಗೆ ಒಯ್ಯಬಹುದಾದ ಕಥೆಪುಸ್ತಕ, ಕನ್ನಡದ್ದೂ ಮರಾಠಿಯದ್ದೂ. ಮೂರನೆಯದಕ್ಕೆ ಹಣವೇ ಬೇಡ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಬಂದಾಗ ಹಿಂದಿನ ಬೆಂಚಿನ ಮಕ್ಕಳ ಕಣ್ಣು, ಕಿವಿ ತಪ್ಪದೆ ನೋಡಿಸಿ. ಕನ್ನಡಕ ಬೇಕಾದ ಮಗುವಿಗೆ ಅದು ಬಂತೋ ಇಲ್ಲವೋ ಎಂದು ಸಮಿತಿಯ ಸಭೆಯಲ್ಲಿ ಕೇಳಿ. ಹಲಗೆ ಕಾಣದೆ ಪಕ್ಕದವನ ವಹಿ ನೋಡಿ ಬರೆಯುವ ಹುಡುಗನಿಗೆ ಸ್ಮಾರ್ಟ್ ಬೋರ್ಡೂ ಕಾಣುವುದಿಲ್ಲ.

ಮುಂದಿನ ಸಂಚಿಕೆಗೆ ಬರೆಯುವ ಶಿಕ್ಷಕರಲ್ಲಿ ಒಂದು ವಿನಂತಿ. ಮಗು ಯಾವ ಶೈಲಿಯದು ಎಂದು ಬರೆಯಬೇಡಿ. ಎಷ್ಟನೆಯ ತರಗತಿ, ಮನೆಮಾತು ಯಾವುದು, ತಿಂಗಳಿಗೆ ಎಷ್ಟು ದಿನ ಶಾಲೆಗೆ ಬರುತ್ತದೆ, ಯಾವ ಪುಟದಲ್ಲಿ ತಡವರಿಸುತ್ತದೆ ಎಂದು ಬರೆಯಿರಿ. ಸಾಧ್ಯವಾದರೆ ಅದರ ಕೈಬರಹದ ಒಂದು ಹಾಳೆಯನ್ನೂ ಜೊತೆಗಿಡಿ.